ಕ್ಲಬ್ ತೆರೆಯೋಕೆ ದುಡ್ಡಿದೆ, ಮೂರನೇ ವರ್ಷಕ್ಕೆ ಯಾರು ಕೊಡ್ತಾರೆ?

ಇಂಗ್ಲೆಂಡಿನಲ್ಲಿ ಪ್ರೈಮರಿ ಶಾಲೆ ಬಿಡೋದು ಮಧ್ಯಾಹ್ನ ಮೂರೂಕಾಲರ ಆಸುಪಾಸಿಗೆ. ಆಫೀಸು ಬಿಡೋದು ಐದಕ್ಕೋ ಐದೂವರೆಗೋ. ಆಮೇಲೆ ರೈಲು, ಬಸ್ಸು, ಟ್ರಾಫಿಕ್ಕು. ನಡುವಿನ ಆ ಎರಡು-ಮೂರು ಗಂಟೆ ಆರು ವರ್ಷದ ಮಗು ಎಲ್ಲಿರಬೇಕು? ಮನೇಲಿ ಒಂಟಿಯಾಗಿ ಬಿಡೋಕಾಗಲ್ಲ. ಎಷ್ಟು ವಯಸ್ಸಿಗೆ ಬಿಡಬಹುದು ಅಂತ ಅಲ್ಲಿನ ಕಾನೂನು ಒಂದು ಸಂಖ್ಯೆ ಹೇಳಿಲ್ಲ, ಆದರೆ ಮಗುವಿಗೆ ಅಪಾಯ ಆಗೋ ಹಾಗೆ ಬಿಟ್ಟರೆ ಅದು ಅಪರಾಧ. 12 ವರ್ಷದೊಳಗಿನ ಮಕ್ಕಳನ್ನು ಹೆಚ್ಚು ಹೊತ್ತು ಒಂಟಿಯಾಗಿ ಬಿಡಬೇಡಿ ಅಂತ ಮಕ್ಕಳ ರಕ್ಷಣೆಯ ಸಂಸ್ಥೆ ಎನ್‌ಎಸ್‌ಪಿಸಿಸಿ ಹೇಳುತ್ತದೆ. ಹಾಗಾಗಿ ಅಪ್ಪ-ಅಮ್ಮ ಇಬ್ಬರಲ್ಲಿ ಒಬ್ಬರು ಕೆಲಸದ ಹೊತ್ತನ್ನು ಕಡಿಮೆ ಮಾಡಿಕೊಳ್ಳುತ್ತಾರೆ. ಹೆಚ್ಚಿನ ಮನೆಗಳಲ್ಲಿ ಅದು ಅಮ್ಮನೇ.

ಮಕ್ಕಳನ್ನು ನೋಡಿಕೊಳ್ಳೋ ಚಿಂತೆ ಅಂದರೆ ಜನಕ್ಕೆ ತಕ್ಷಣ ನೆನಪಾಗೋದು ಎರಡು-ಮೂರು ವರ್ಷದ ಪುಟಾಣಿಗಳು. ಮಗು ಶಾಲೆಗೆ ಸೇರಿದ ಮೇಲೆ ಚಿಂತೆ ಮುಗೀತು ಅಂತ ಅಂದುಕೊಳ್ಳುತ್ತೇವೆ. ಇಲ್ಲಿ ಆಗೋದು ಉಲ್ಟಾ. ನರ್ಸರಿ ಬೆಳಗ್ಗೆ ಎಂಟಕ್ಕೆ ತೆರೆದು ಸಂಜೆ ಆರರವರೆಗೆ ಇರುತ್ತದೆ, ಬಹಳಷ್ಟು ನರ್ಸರಿಗಳು ಹೆಚ್ಚುಕಮ್ಮಿ ವರ್ಷಪೂರ್ತಿ ನಡೆಯುತ್ತವೆ. ನಾಲ್ಕು ತುಂಬಿದ ಮಗು ರಿಸೆಪ್ಷನ್ ತರಗತಿಗೆ ಹೋದ ದಿನದಿಂದ ಅಮ್ಮನಿಗೆ ಸಿಗೋದು ದಿನಕ್ಕೆ ಆರೂವರೆ ಗಂಟೆ, ವರ್ಷಕ್ಕೆ 39 ವಾರ. ನರ್ಸರಿ ದಿನಗಳಲ್ಲಿ ಪೂರ್ತಿ ಕೆಲಸ ಮಾಡುತ್ತಿದ್ದವರು ಮಗು ಶಾಲೆಗೆ ಸೇರಿದ ಮೇಲೆ ಪಾರ್ಟ್ ಟೈಮ್‌ಗೆ ಇಳಿಯೋದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಕಷ್ಟಪಟ್ಟು ಗಳಿಸಿದ ಜಾಗ ಅದು.

ಈ ತೂತು ಮುಚ್ಚೋಕೆ ಅಲ್ಲಿನ ಸರ್ಕಾರ ಹಾಕಿದ ಯೋಜನೆಯ ಹೆಸರು ನ್ಯಾಷನಲ್ ರ‍್ಯಾಪ್‌ಅರೌಂಡ್ ಚೈಲ್ಡ್‌ಕೇರ್ ಪ್ರೋಗ್ರಾಂ. 2023ರ ಮಾರ್ಚ್ ಬಜೆಟ್‌ನಲ್ಲಿ ಆಗಿನ ಹಣಕಾಸು ಸಚಿವ ಜೆರೆಮಿ ಹಂಟ್ ಇದಕ್ಕೆ 28.9 ಕೋಟಿ ಪೌಂಡ್ ಘೋಷಿಸಿದರು. ಪ್ರೈಮರಿ ಶಾಲೆಯ ಮಕ್ಕಳಿಗೆ ಬೆಳಗ್ಗೆ ಎಂಟರಿಂದ ಶಾಲೆ ಶುರುವಾಗೋವರೆಗೆ, ಶಾಲೆ ಬಿಟ್ಟ ಮೇಲೆ ಸಂಜೆ ಆರರವರೆಗೆ, ಶಾಲೆಯಲ್ಲೋ ಹತ್ತಿರದ ಇನ್ನೊಂದು ಕಡೆಯೋ, ನೋಡಿಕೊಳ್ಳೋ ವ್ಯವಸ್ಥೆ ಇರಬೇಕು ಅನ್ನೋದು ಗುರಿ. ಇಂಥ ವ್ಯವಸ್ಥೆಗೇ ಅಲ್ಲಿ ಕ್ಲಬ್ ಅನ್ನೋದು. ದೇಶದಾದ್ಯಂತ ಜಾರಿಗೆ ಬಂದದ್ದು 2024ರ ಸೆಪ್ಟೆಂಬರ್‌ನಿಂದ. ಹಣ ಎರಡು ಶೈಕ್ಷಣಿಕ ವರ್ಷಗಳ ಲೆಕ್ಕದ್ದು. 2026ರ ಸೆಪ್ಟೆಂಬರ್ ಹೊತ್ತಿಗೆ ಎಲ್ಲ ಕಡೆ ಈ ಸೌಲಭ್ಯ ಸಿಗಬೇಕು ಅಂತ ಗಡುವು. ಮಧ್ಯೆ ಸರ್ಕಾರ ಬದಲಾಯಿತು, ಲೇಬರ್ ಪಕ್ಷ ಬಂತು. ಯೋಜನೆ ನಿಲ್ಲಲಿಲ್ಲ.

ಈಗ ಈ ದುಡ್ಡಿನ ಸ್ವರೂಪ ನೋಡಿ, ಅಲ್ಲೇ ಇರೋದು ಎಲ್ಲ ವಿಷಯ. ಇದು ಪೋಷಕರ ಕೈಗೆ ಬರೋ ಹಣ ಅಲ್ಲ. ಕ್ಲಬ್ಬಿನ ಶುಲ್ಕ ಕಡಿಮೆ ಮಾಡೋಕೂ ಅಲ್ಲ. ಶಿಕ್ಷಣ ಇಲಾಖೆಯಿಂದ ಕೌನ್ಸಿಲ್‌ಗೆ, ಅಂದರೆ ಊರಿನ ಸ್ಥಳೀಯ ಆಡಳಿತಕ್ಕೆ ಬರುತ್ತದೆ, ಕೌನ್ಸಿಲ್ ಅದನ್ನು ಶಾಲೆಗೋ, ಖಾಸಗಿ ಕ್ಲಬ್‌ಗೋ, ಮನೆಯಲ್ಲೇ ಮಕ್ಕಳನ್ನು ನೋಡಿಕೊಳ್ಳೋ ಚೈಲ್ಡ್‌ಮೈಂಡರ್‌ಗೋ ಕೊಡುತ್ತದೆ. ಹೊಸದಾಗಿ ಕ್ಲಬ್ ಶುರು ಮಾಡೋಕೆ, ಇರೋದನ್ನು ದೊಡ್ಡದು ಮಾಡೋಕೆ, ಜನರನ್ನು ಸೇರಿಸಿಕೊಂಡು ತರಬೇತಿ ಕೊಡೋಕೆ, ಆಟದ ಸಾಮಾನು ತರೋಕೆ, ಒಂದು ಶಾಲೆಯಿಂದ ಇನ್ನೊಂದು ಕಡೆಗೆ ಮಕ್ಕಳನ್ನು ಕರೆದೊಯ್ಯೋಕೆ. ಎಲ್ಲಕ್ಕಿಂತ ಮುಖ್ಯವಾಗಿ, ಶುರುವಿನಲ್ಲಿ ಮಕ್ಕಳು ಕಡಿಮೆ ಇದ್ದಾಗ ಸಂಬಳ ಕೊಡೋಕೆ. ಮಕ್ಕಳು ತುಂಬಿದ ಮೇಲೆ ಕ್ಲಬ್ ತನ್ನ ಕಾಲ ಮೇಲೆ ತಾನು ನಿಲ್ಲಬೇಕು, ಪೋಷಕರ ಶುಲ್ಕದಿಂದಲೇ ನಡೆಯಬೇಕು.

ಕಾಗದದ ಮೇಲೆ ಇದು ಸರಿಯಾಗಿಯೇ ಇದೆ. ಯಾಕೆ ಅಂತ ತಿಳಿಯೋಕೆ ಒಂದು ಚಿಕ್ಕ ಕ್ಲಬ್ಬಿನ ಖರ್ಚು ಲೆಕ್ಕ ಹಾಕೋಣ. ಶುಲ್ಕ ಮತ್ತು ಇತರೆ ಖರ್ಚು ನಾನು ಅಂದಾಜು ಮಾಡಿದ್ದು, ಕೂಲಿಯ ದರ ಮಾತ್ರ ನಿಜವಾದದ್ದು. ಇಬ್ಬರು ಕೆಲಸದವರು. ಮಕ್ಕಳು ಬರೋ ಮುಂಚೆ ಮೇಜು ಜೋಡಿಸಬೇಕು, ಹೋದ ಮೇಲೆ ಗುಡಿಸಿ ಒರೆಸಬೇಕು, ಹಾಗಾಗಿ ಒಬ್ಬೊಬ್ಬರಿಗೆ ದಿನಕ್ಕೆ ಮೂರೂವರೆ ಗಂಟೆ. 2025ರ ಏಪ್ರಿಲ್‌ನಲ್ಲಿ ಕನಿಷ್ಠ ಕೂಲಿ ಗಂಟೆಗೆ 12.21 ಪೌಂಡ್ ಆಯಿತು. ಅಲ್ಲಿಗೆ ಸಂಬಳವೇ ದಿನಕ್ಕೆ 85 ಪೌಂಡ್. ಇನ್ಶೂರೆನ್ಸ್, ಹಾಲ್ ಬಾಡಿಗೆ, ಬುಕಿಂಗ್ ಮಾಡೋ ಸಾಫ್ಟ್‌ವೇರ್, ಲೀಡರ್ ಆಗಿರೋರಿಗೆ ಸ್ವಲ್ಪ ಹೆಚ್ಚು ಸಂಬಳ, ಎಲ್ಲ ಸೇರಿ ಇನ್ನೊಂದು 25 ಪೌಂಡ್ ಅಂತ ಇಟ್ಟುಕೊಳ್ಳಿ. ಒಟ್ಟು 110. ಮಗುವಿಗೆ ದಿನಕ್ಕೆ 13 ಪೌಂಡ್ ಶುಲ್ಕ, ಅದರಲ್ಲಿ ಒಂದು ಪೌಂಡ್ ಟೋಸ್ಟು, ಹಣ್ಣು, ಹಾಲಿಗೆ ಹೋದರೆ ಕೈಗೆ ಉಳಿಯೋದು 12.

ಹತ್ತು ಮಕ್ಕಳು ಬಂದರೆ ಗಂಟು ನಷ್ಟ ಇಲ್ಲ. ಆರೇ ಮಕ್ಕಳು ಬಂದರೆ? ಬರೋದು 72 ಪೌಂಡ್, ದಿನಕ್ಕೆ 38 ಪೌಂಡ್ ಕೈಯಿಂದ ಹಾಕಬೇಕು. ವಾರಕ್ಕೆ 190. ಶಾಲೆ ನಡೆಯೋ 39 ವಾರಕ್ಕೆ 7,400 ಪೌಂಡ್ ಮೇಲಾಗುತ್ತದೆ. ಹಳ್ಳಿಯ ಸಣ್ಣ ಶಾಲೆಯ ಹೆಡ್ ಟೀಚರ್ ಒಬ್ಬರು ಪಾಠದ ದುಡ್ಡಿನಿಂದ ಇಷ್ಟನ್ನು ತೆಗೆದು ಕ್ಲಬ್ಬಿಗೆ ಹಾಕೋ ಧೈರ್ಯ ಮಾಡ್ತಾರಾ? ಮಾಡಲ್ಲ, ಮಾಡಲೂಬಾರದು.

ಇನ್ನೊಂದು ತೊಡಕೂ ಇದೆ. ಕ್ಲಬ್ ಇಲ್ಲದ ಊರಿನಲ್ಲಿ ಪೋಷಕರು ಹೇಗೋ ಹೊಂದಿಸಿಕೊಂಡಿರುತ್ತಾರೆ. ಒಬ್ಬರು ಸಂಬಳ ಕಡಿಮೆಯಾದರೂ ಬೇರೆ ಕೆಲಸ ಹಿಡಿದಿರುತ್ತಾರೆ, ಇನ್ನೊಬ್ಬರು ರಾತ್ರಿ ಪಾಳಿ ಮಾಡುತ್ತಿರುತ್ತಾರೆ, ಅಜ್ಜಿಗೆ ಮಂಗಳವಾರ, ಪಕ್ಕದ ಮನೆಯವರಿಗೆ ಬುಧವಾರ. ಅಂಥ ಕಡೆ ಶಾಲೆ ಒಂದು ಚೀಟಿ ಕಳಿಸಿ ‘ಕ್ಲಬ್ ಬೇಕಾ?’ ಅಂತ ಕೇಳಿದರೆ ಹೂಂ ಅನ್ನೋರು ನಾಲ್ಕೈದು ಜನ. ಶಾಲೆಯವರು ಬೇಡಿಕೆ ಇಲ್ಲ ಅಂತ ಕೈಬಿಡುತ್ತಾರೆ. ಕ್ಲಬ್ ತೆರೆದು ಒಂದೆರಡು ವರ್ಷ ನಂಬಿಕೆಯಿಂದ ನಡೆದರೆ ಆಗ ಅಮ್ಮಂದಿರು ಕೆಲಸದ ಹೊತ್ತು ಜಾಸ್ತಿ ಮಾಡಿಕೊಳ್ಳುತ್ತಾರೆ, ಹೊಸ ಕೆಲಸಕ್ಕೆ ಅರ್ಜಿ ಹಾಕುತ್ತಾರೆ, ಆಗ ಮಕ್ಕಳು ಬರುತ್ತಾರೆ. ಬೇಡಿಕೆ ಹುಟ್ಟೋದೇ ಸೌಲಭ್ಯ ಬಂದ ಮೇಲೆ. ಆ ಒಂದೆರಡು ವರ್ಷದ ನಷ್ಟವನ್ನು ಯಾರಾದರೂ ಹೊರಲೇಬೇಕು, ಮತ್ತು ಅದನ್ನು ಹೊರೋ ಶಕ್ತಿ ಇರೋದು ಸರ್ಕಾರಕ್ಕೆ ಮಾತ್ರ. ಹಾಗಾಗಿ ಆರಂಭದ ಅನುದಾನ ಅನ್ನೋ ಕಲ್ಪನೆಯನ್ನು ನಾನು ಮನಸಾರೆ ಒಪ್ಪುತ್ತೇನೆ. ಇಂಗ್ಲೆಂಡಿನಲ್ಲಿ 16 ಸಾವಿರಕ್ಕೂ ಹೆಚ್ಚು ಸರ್ಕಾರಿ ಪ್ರೈಮರಿ ಶಾಲೆಗಳಿವೆ. 28.9 ಕೋಟಿಯನ್ನು ಸುಮ್ನೆ ಸಮಾನವಾಗಿ ಹಂಚಿದರೂ ಶಾಲೆಗೆ 17 ಸಾವಿರ ಪೌಂಡ್ ಮೇಲೆ ಬರುತ್ತದೆ. ಎಷ್ಟೋ ಶಾಲೆಗಳಲ್ಲಿ ಕ್ಲಬ್ ಈಗಾಗಲೇ ಇರೋದರಿಂದ ಇಲ್ಲದವರಿಗೆ ಇನ್ನೂ ಹೆಚ್ಚು ಸಿಗೋಕೆ ಸಾಧ್ಯ. ಮೇಲೆ ಲೆಕ್ಕ ಹಾಕಿದ ನಷ್ಟವನ್ನು ಎರಡು ವರ್ಷ ತಡೆದುಕೊಳ್ಳೋಕೆ ಇದು ಸಾಕು.

ನನ್ನ ತಕರಾರು ಮೂರನೇ ವರ್ಷದ್ದು.

ಆರು ಮಕ್ಕಳ ಕ್ಲಬ್ ಎರಡು ವರ್ಷದಲ್ಲಿ ಹತ್ತಕ್ಕೋ ಹದಿನೈದಕ್ಕೋ ಏರುತ್ತದೆ ಅನ್ನೋದು ಇಡೀ ಯೋಜನೆಯ ನಂಬಿಕೆ. ದೊಡ್ಡ ಊರಿನಲ್ಲಿ, ಅಪ್ಪ-ಅಮ್ಮ ಇಬ್ಬರೂ ಒಳ್ಳೆ ಸಂಬಳದಲ್ಲಿರೋ ಬಡಾವಣೆಯಲ್ಲಿ ಏರುತ್ತದೆ. ಅಲ್ಲಿ ಕ್ಲಬ್‌ಗಳಿಗೆ ಕಾಯೋ ಪಟ್ಟಿ ಇದೆ. ಅಲ್ಲಿ ಅನುದಾನ ಇಲ್ಲದಿದ್ದರೂ ಯಾರಾದರೂ ಬಂದು ಕ್ಲಬ್ ನಡೆಸುತ್ತಿದ್ದರೇನೋ. ಆದರೆ 60 ಮಕ್ಕಳಿರೋ ಹಳ್ಳಿ ಶಾಲೆಯಲ್ಲಿ ಹತ್ತು ಮಕ್ಕಳು ದಿನಾ ಬರೋದು ಎಂದಾದರೂ ಆಗುತ್ತಾ? ಬಡವರು ಜಾಸ್ತಿ ಇರೋ ಕಡೆ ದಿನಕ್ಕೆ 13 ಪೌಂಡ್ ಕೊಡೋರು ಎಷ್ಟು ಜನ? ಕೋವಿಡ್ ಆದ ಮೇಲೆ ಇನ್ನೊಂದು ಹೊಸ ತಲೆನೋವು ಸೇರಿಕೊಂಡಿದೆ. ವರ್ಕ್ ಫ್ರಂ ಹೋಂ ಇರೋರು ಶುಕ್ರವಾರ ಮನೇಲೇ ಇರುತ್ತಾರೆ, ಮಗುವನ್ನು ಮೂರೂಕಾಲಿಗೇ ಕರೆದುಕೊಂಡು ಹೋಗುತ್ತಾರೆ. ಮಂಗಳವಾರ, ಬುಧವಾರ ಕ್ಲಬ್ ತುಂಬಿರುತ್ತದೆ, ಶುಕ್ರವಾರ ನಾಲ್ಕು ಮಕ್ಕಳು ಖಾಲಿ ಹಾಲ್‌ನಲ್ಲಿ ಬಣ್ಣ ಬಳಿಯುತ್ತಾ ಕೂತಿರುತ್ತವೆ. ಇಬ್ಬರ ಸಂಬಳ ಮಾತ್ರ ಅಷ್ಟೇ. ಶುಕ್ರವಾರ ಮುಚ್ಚೋಣ ಅಂದರೆ ಆಸ್ಪತ್ರೆಯಲ್ಲಿ, ಅಂಗಡಿಯಲ್ಲಿ ಕೆಲಸ ಮಾಡೋ ಅಮ್ಮಂದಿರಿಗೆ ಮನೆಯಿಂದ ಕೆಲಸ ಅನ್ನೋದೇ ಇಲ್ಲ. ಆ ನಾಲ್ಕು ಮಕ್ಕಳು ಅವರವೇ.

ಇದು ನನ್ನ ಊಹೆ ಅಂತ ತಳ್ಳಿಹಾಕಬೇಡಿ. ಇದೇ ದೇಶ ಇದೇ ಪ್ರಯೋಗವನ್ನು ಹಿಂದೆಯೂ ಮಾಡಿದೆ, ಒಂದು ಸಲ ಅಲ್ಲ, ಹಲವು ಸಲ.

1993ರಲ್ಲಿ ಜಾನ್ ಮೇಜರ್ ಸರ್ಕಾರ ‘ಔಟ್ ಆಫ್ ಸ್ಕೂಲ್ ಚೈಲ್ಡ್‌ಕೇರ್ ಇನಿಶಿಯೇಟಿವ್’ ಅಂತ ಶುರು ಮಾಡಿತು. ಮೂರು ವರ್ಷಕ್ಕೆ 4.5 ಕೋಟಿ ಪೌಂಡ್, 50 ಸಾವಿರ ಮಕ್ಕಳಿಗೆ ಜಾಗ ಮಾಡೋ ಗುರಿ. ಅದೂ ಆರಂಭದ ಹಣವೇ. ಸ್ವಲ್ಪ ಕಾಲ ಕೊಡ್ತೀವಿ, ಆಮೇಲೆ ನಿಮ್ಮ ಶುಲ್ಕದಲ್ಲಿ ನೀವು ನಡೆಸಿಕೊಳ್ಳಿ ಅನ್ನೋ ಲೆಕ್ಕ. 1998ರಲ್ಲಿ ಟೋನಿ ಬ್ಲೇರ್ ಸರ್ಕಾರ ರಾಷ್ಟ್ರೀಯ ಮಕ್ಕಳ ಆರೈಕೆ ನೀತಿ ತಂದು, ಲಾಟರಿ ಹಣದಿಂದ ನಡೆಯೋ ನ್ಯೂ ಆಪರ್ಚುನಿಟೀಸ್ ಫಂಡ್ ಮೂಲಕ ಮತ್ತೆ ಹೊಸ ಕ್ಲಬ್‌ಗಳಿಗೆ ಆರಂಭದ ಹಣ ಕೊಟ್ಟಿತು. ಆಗ ಒಂದು ವ್ಯತ್ಯಾಸ ಇತ್ತು. 1999ರ ಅಕ್ಟೋಬರ್‌ನಲ್ಲಿ ಬಂದ ವರ್ಕಿಂಗ್ ಫ್ಯಾಮಿಲೀಸ್ ಟ್ಯಾಕ್ಸ್ ಕ್ರೆಡಿಟ್‌ನಲ್ಲಿ ಕಡಿಮೆ ಆದಾಯದ ಮನೆಗಳಿಗೆ ಮಕ್ಕಳ ಆರೈಕೆಯ ಖರ್ಚಿನ ಶೇ 70ರಷ್ಟನ್ನು, ಒಂದು ಮಿತಿಯೊಳಗೆ, ಸರ್ಕಾರವೇ ತುಂಬಿಕೊಡುತ್ತಿತ್ತು. ಅಂದರೆ ಒಂದು ಕೈ ಕ್ಲಬ್ಬಿಗೆ, ಇನ್ನೊಂದು ಕೈ ಪೋಷಕರಿಗೆ.

ಆಮೇಲೆ 2005. ಆಗಿನ ಶಿಕ್ಷಣ ಸಚಿವೆ ರೂತ್ ಕೆಲ್ಲಿ, ‘ಎಕ್ಸ್‌ಟೆಂಡೆಡ್ ಸ್ಕೂಲ್ಸ್’ ಯೋಜನೆ ಪ್ರಕಟಿಸಿದರು. 2010ರ ಹೊತ್ತಿಗೆ ಪ್ರೈಮರಿ ಮಕ್ಕಳಿಗೆಲ್ಲ ಬೆಳಗ್ಗೆ ಎಂಟರಿಂದ ಸಂಜೆ ಆರರವರೆಗೆ, ವರ್ಷಕ್ಕೆ 48 ವಾರ ಆರೈಕೆ ಸಿಗಬೇಕು ಅನ್ನೋದು ಗುರಿ. ಪತ್ರಿಕೆಯವರು ಅದಕ್ಕೆ ‘ಕೆಲ್ಲಿ ಅವರ್ಸ್’ ಅಂತ ಹೆಸರಿಟ್ಟರು. ಗಮನಿಸಿ, 2023ರಲ್ಲಿ ಹೊಸದು ಅಂತ ಘೋಷಿಸಿದ ಎಂಟರಿಂದ ಆರು 2005ರಲ್ಲೇ ಹೇಳಿದ ಮಾತು. ಆಗ 48 ವಾರ ಅಂದಿದ್ದರು, ಈಗ ಶಾಲೆ ನಡೆಯೋ ದಿನಗಳಿಗೆ ಮಾತ್ರ. 2010ರಲ್ಲಿ ಸರ್ಕಾರ ಬದಲಾಯಿತು, ಖರ್ಚು ಕಡಿತ ಶುರುವಾಯಿತು, 2011ರಿಂದ ಈ ಕೆಲಸಕ್ಕೆ ಅಂತಲೇ ಬೇರೆ ಇಟ್ಟಿದ್ದ ಹಣವನ್ನು ಶಾಲೆಗಳ ಸಾಮಾನ್ಯ ಬಜೆಟ್ಟಿಗೆ ಸೇರಿಸಿಬಿಟ್ಟರು. ಬೇರೆ ತಲೆಬರಹ ಇಲ್ಲದ ದುಡ್ಡು ಯಾವ ಶಾಲೆಯಲ್ಲೂ ಸಂಜೆ ಕ್ಲಬ್ಬಿಗೆ ಅಂತ ಉಳಿಯಲ್ಲ, ಛಾವಣಿ ಸೋರೋದು, ಟೀಚರ್ ಸಂಬಳ ಏರೋದು, ಎಲ್ಲದಕ್ಕೂ ಅದೇ ಚೀಲ ಅಲ್ವಾ. ಕೆಲವು ಶಾಲೆಗಳು ಮುಂದುವರಿಸಿದವು, ಕೆಲವು ಬಿಟ್ಟವು. ಹಾಗೆ ಬಿಟ್ಟುಹೋದ ಕಡೆ ಈಗ ಮತ್ತೆ ಆರಂಭದ ಹಣ ಹೋಗುತ್ತಿದೆ. ವನಮಹೋತ್ಸವದ ದಿನ ಗಿಡ ನೆಟ್ಟು ಬೇಸಿಗೆಯಲ್ಲಿ ನೀರು ಹಾಕದೆ, ಮರುವರ್ಷ ಅದೇ ಗುಂಡಿಯಲ್ಲಿ ಮತ್ತೆ ನೆಡೋ ಹಾಗೆ.

ಈಗ ಬೆಳಗಿನ ಹೊತ್ತಿನ ಕಥೆ ನೋಡೋಣ, ಯಾಕೆಂದರೆ ಅಲ್ಲಿ ಸರ್ಕಾರ ಬೇರೆ ದಾರಿ ಹಿಡಿದಿದೆ. 2025ರ ಏಪ್ರಿಲ್‌ನಲ್ಲಿ 750 ಶಾಲೆಗಳಲ್ಲಿ ಉಚಿತ ಬ್ರೇಕ್‌ಫಾಸ್ಟ್ ಕ್ಲಬ್ ಶುರುವಾಯಿತು. ಶಾಲೆ ಶುರುವಾಗೋಕೆ ಮುಂಚೆ ಕನಿಷ್ಠ 30 ನಿಮಿಷ, ತಿಂಡಿ ಸಮೇತ, ಶಾಲೆಯ ಎಲ್ಲ ಮಕ್ಕಳಿಗೂ. ಇಲ್ಲಿ ಹಣ ಬರೋದು ಒಂದೇ ಸಲ ಅಲ್ಲ, ಬಂದ ಮಗುವಿನ ಲೆಕ್ಕದಲ್ಲಿ, ದಿನದ ಲೆಕ್ಕದಲ್ಲಿ. ಮೊದಲು ಒಂದು ಮಗುವಿಗೆ 60 ಪೆನ್ಸ್ ಕೊಟ್ಟರು, ಅದು ಸಾಲಲ್ಲ ಅಂತ ಶಾಲೆಯವರು ಜಗಳ ಮಾಡಿದರು, ಮುಂದಿನ ಹಂತಕ್ಕೆ ಒಂದು ಪೌಂಡ್ ಮಾಡಿ, ಜೊತೆಗೆ ಶಾಲೆಗೆ ದಿನಕ್ಕೆ 25 ಪೌಂಡ್ ಸೇರಿಸಿದರು. ನನಗೆ ಇಲ್ಲಿ ಮುಖ್ಯ ಅನಿಸೋದು ಆ ದಿನಕ್ಕೆ 25 ಪೌಂಡ್. ಮಕ್ಕಳು ಹತ್ತು ಬರಲಿ, ಐವತ್ತು ಬರಲಿ, ಬಾಗಿಲು ತೆರೆಯೋ ಖರ್ಚು ಒಂದೇ ಅನ್ನೋದನ್ನು ಸರ್ಕಾರ ಒಪ್ಪಿಕೊಂಡ ಹಾಗಾಯಿತು. ಮಧ್ಯಾಹ್ನದ ಊಟದ್ದೂ ಹಾಗೆಯೇ. 2014ರ ಸೆಪ್ಟೆಂಬರ್‌ನಿಂದ ರಿಸೆಪ್ಷನ್, ಒಂದು, ಎರಡನೇ ತರಗತಿಯ ಮಕ್ಕಳಿಗೆಲ್ಲ ಉಚಿತ ಊಟ ಇದೆ, ಪ್ರತಿ ಊಟಕ್ಕೆ ಇಷ್ಟು ಅಂತ ಹಣ ಬರುತ್ತದೆ. ದರ ಸಾಲದು ಅಂತ ಗೊಣಗಾಟ ಪ್ರತಿ ವರ್ಷ ಇದ್ದೇ ಇದೆ, ಆದರೆ ಎಷ್ಟು ಪ್ರಧಾನಿಗಳು ಬಂದು ಹೋದರೂ ಊಟ ನಿಂತಿಲ್ಲ.

ಅಂದರೆ ಒಂದೇ ಶಾಲೆ, ಒಂದೇ ಮಗು. ಬೆಳಗಿನ ಅರ್ಧ ಗಂಟೆಗೆ ಸರ್ಕಾರ ದಿನಾ ದುಡ್ಡು ಕೊಡುತ್ತದೆ, ಮಧ್ಯಾಹ್ನದ ಊಟಕ್ಕೆ ದಿನಾ ಕೊಡುತ್ತದೆ, ಸಂಜೆಯ ಮೂರು ಗಂಟೆಗೆ ಒಂದು ಸಲ ಕೊಟ್ಟು ಕೈತೊಳೆದುಕೊಳ್ಳುತ್ತದೆ. ಅಮ್ಮನ ಕೆಲಸಕ್ಕೆ ನಿಜವಾಗಿ ಬೇಕಾಗಿರೋದು ಆ ಸಂಜೆಯ ಮೂರು ಗಂಟೆಯೇ. ಕೆಲವು ಕಡೆ ಇವೆರಡೂ ಒಂದಕ್ಕೊಂದು ತೊಡಕೂ ಆಗುತ್ತವೆ. ಬೆಳಗಿನ ಕ್ಲಬ್‌ನಿಂದ ಬರೋ ಶುಲ್ಕ ಸಂಜೆಯ ನಷ್ಟಕ್ಕೆ ಆಸರೆ ಆಗುತ್ತಿತ್ತು. ಬೆಳಗಿನದು ಉಚಿತ ಆದರೆ ಆ ಆಸರೆ ಹೋಯಿತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅಂತಾರಲ್ಲ, ಒಂದೇ ಇಲಾಖೆಯ ಎರಡು ಯೋಜನೆಗಳು ಹಾಗಾಗಬಾರದು.

ಸಂಜೆಗೂ ಪೋಷಕರಿಗೆ ಸಹಾಯ ಇದೆಯಲ್ಲ ಅಂತ ಯಾರಾದರೂ ಕೇಳಬಹುದು. ಇದೆ. ಟ್ಯಾಕ್ಸ್ ಫ್ರೀ ಚೈಲ್ಡ್‌ಕೇರ್ ಖಾತೆಗೆ ನೀವು 8 ಪೌಂಡ್ ಹಾಕಿದರೆ ಸರ್ಕಾರ 2 ಪೌಂಡ್ ಸೇರಿಸುತ್ತದೆ, ಮಗುವಿಗೆ ವರ್ಷಕ್ಕೆ 2,000 ಪೌಂಡ್‌ವರೆಗೆ, ಮಗುವಿಗೆ 11 ಆಗೋವರೆಗೆ. ಕಡಿಮೆ ಆದಾಯ ಇದ್ದರೆ ಯೂನಿವರ್ಸಲ್ ಕ್ರೆಡಿಟ್ ಅನ್ನೋ ಸರ್ಕಾರಿ ಸಹಾಯಧನದಲ್ಲಿ ಖರ್ಚಿನ ಶೇ 85ರವರೆಗೆ ವಾಪಸ್ ಸಿಗುತ್ತದೆ. ಆದರೆ ಅರ್ಹರಿದ್ದೂ ಅರ್ಜಿ ಹಾಕದವರು ತುಂಬಾ ಜನ, ಸಂಜೆ ಕ್ಲಬ್ಬಿಗೂ ಇದು ಸಿಗುತ್ತೆ ಅನ್ನೋದೇ ಗೊತ್ತಿರಲ್ಲ, ನರ್ಸರಿಗೆ ಮಾತ್ರ ಅಂದುಕೊಂಡಿರುತ್ತಾರೆ.

ನಮ್ಮ ಜನ ಈ ಕಥೆಯೊಳಗೆ ಬರೋದು ಇಲ್ಲೇ. ಸ್ಲೌ, ಹೌನ್ಸ್ಲೋ, ರೆಡಿಂಗ್, ಮಿಲ್ಟನ್ ಕೀನ್ಸ್, ಇಲ್ಲೆಲ್ಲ ಕನ್ನಡದ ಮನೆಗಳು ಬೇಕಾದಷ್ಟಿವೆ. ಅರ್ಧಕ್ಕರ್ಧ ಐಟಿ, ಆಮೇಲೆ ಡಾಕ್ಟರ್, ನರ್ಸ್, ಕೇರ್ ಹೋಂ ಕೆಲಸ. ಇತ್ತೀಚೆಗೆ ಬಂದವರಲ್ಲಿ ಬಹಳಷ್ಟು ಮಂದಿ ಸ್ಕಿಲ್ಡ್ ವರ್ಕರ್ ವೀಸಾದ ಮೇಲೆ ಇದ್ದಾರೆ. ಆ ವೀಸಾದ ಜೊತೆ ಬರೋ ಷರತ್ತು, ಸರ್ಕಾರಿ ಸಹಾಯಧನ ಪಡೆಯೋ ಹಾಗಿಲ್ಲ. ಗಂಡ-ಹೆಂಡತಿ ಇಬ್ಬರೂ ಈ ಷರತ್ತಿನಲ್ಲೇ ಇದ್ದರೆ ಟ್ಯಾಕ್ಸ್ ಫ್ರೀ ಚೈಲ್ಡ್‌ಕೇರ್ ಸಿಗಲ್ಲ, ಯೂನಿವರ್ಸಲ್ ಕ್ರೆಡಿಟ್ ಅಂತೂ ಇಲ್ಲವೇ ಇಲ್ಲ. ತೆರಿಗೆ ಮಾತ್ರ ಎಲ್ಲರಷ್ಟೇ ಕಟ್ಟಬೇಕು. ಮೇಲಿನ ಲೆಕ್ಕದಲ್ಲೇ ಹೇಳೋದಾದರೆ, ದಿನಕ್ಕೆ 13 ಪೌಂಡ್, ವಾರಕ್ಕೆ 65, ವರ್ಷಕ್ಕೆ ಒಂದು ಮಗುವಿಗೆ 2,535 ಪೌಂಡ್. ಟ್ಯಾಕ್ಸ್ ಫ್ರೀ ಸಿಗೋ ಪಕ್ಕದ ಮನೆಯವರಿಗೆ ಇದರಲ್ಲಿ 507 ಪೌಂಡ್ ಉಳಿತಾಯ. ಎರಡು ಮಕ್ಕಳಿದ್ದರೆ ಸಾವಿರ ಪೌಂಡ್ ಮೇಲೆ. ಇಂಥ ಮನೆಯವರು ವಾರದಲ್ಲಿ ಎರಡು ದಿನ ಮಾತ್ರ ಕ್ಲಬ್, ಉಳಿದ ದಿನ ಹೇಗೋ ನೋಡೋಣ ಅಂತ ನಿರ್ಧಾರ ಮಾಡುತ್ತಾರೆ.

ಆ ‘ಹೇಗೋ’ ಅಂದರೆ ಹೆಚ್ಚಿನ ಸಲ ಊರಿನಿಂದ ಬಂದ ಅಜ್ಜಿ. ವಿಸಿಟರ್ ವೀಸಾದಲ್ಲಿ ಒಂದು ಸಲಕ್ಕೆ ಆರು ತಿಂಗಳು. ಮೊದಲು ಅಮ್ಮನ ಅಮ್ಮ ಬರುತ್ತಾರೆ, ಅವರು ಹೋಗೋ ಹೊತ್ತಿಗೆ ಅಪ್ಪನ ಅಮ್ಮ. ಸಂಜೆ ನಾಲ್ಕಕ್ಕೇ ಕತ್ತಲಾಗೋ ಡಿಸೆಂಬರ್‌ನಲ್ಲಿ, ಮಂಡಿನೋವು ಇಟ್ಟುಕೊಂಡು, ಸೀರೆಯ ಮೇಲೆ ದಪ್ಪ ಕೋಟು ಹಾಕಿಕೊಂಡು ಶಾಲೆಯ ಗೇಟಿನ ಹತ್ತಿರ ನಿಂತಿರೋ ಅಜ್ಜಿಯರನ್ನು ಈ ಊರುಗಳಲ್ಲಿ ಯಾರು ನೋಡಿಲ್ಲ? ಮೊಮ್ಮಕ್ಕಳ ಜೊತೆ ಇರೋ ಖುಷಿ ಬೇರೆ. ಅವರ ಮೇಲೆ ಒಂದು ಮನೆಯ ಎರಡು ಸಂಬಳ ನಿಂತಿರೋದು ಬೇರೆ.

ಹಾಗಾಗಿ ಆರಂಭದ ಅನುದಾನ ವೀಸಾದ ಮೇಲಿರೋರಿಗೂ ಒಂದು ರೀತಿಯಲ್ಲಿ ಒಳ್ಳೆಯದೇ. ಹಣ ಹೋಗೋದು ಜಾಗಕ್ಕೆ, ಮನೆತನಕ್ಕೆ ಅಲ್ಲ. ಕ್ಲಬ್ ತೆರೆದರೆ ನಿಮ್ಮ ವೀಸಾ ಯಾವುದು ಅಂತ ಯಾರೂ ಕೇಳಲ್ಲ. ಉಚಿತ ಬ್ರೇಕ್‌ಫಾಸ್ಟ್ ಕ್ಲಬ್‌ನಲ್ಲೂ ಕೇಳಲ್ಲ. ಆದರೆ ಅನುದಾನ ಮುಗಿದು ಶುಲ್ಕ ಏರಿದಾಗ ಮೊದಲು ಹೊರಗೆ ಬೀಳೋದು ಸಹಾಯಧನದ ಆಸರೆ ಇಲ್ಲದ ಈ ಮನೆಗಳೇ.

ವಿಶೇಷ ಆರೈಕೆ ಬೇಕಾದ ಮಕ್ಕಳ ಪರಿಸ್ಥಿತಿ ಇನ್ನೂ ಕಷ್ಟ. ಆಟಿಸಂ ಇರೋ ಮಗುವಿಗೆ ಒಬ್ಬರು ಪೂರ್ತಿ ಜೊತೆಗಿರಬೇಕಾಗಬಹುದು. ಆ ಒಬ್ಬರ ಸಂಬಳವೇ ದಿನಕ್ಕೆ 40 ಪೌಂಡ್ ದಾಟುತ್ತದೆ, ಮಗುವಿನ ಶುಲ್ಕ 13. ಶುಲ್ಕದಿಂದ ನಡೆಯೋ ಯಾವ ಕ್ಲಬ್ಬಿಗೂ ಈ ಲೆಕ್ಕ ಕೂಡಲ್ಲ. ಅಂಗವಿಕಲ ಮಕ್ಕಳಿಗೆ ಸಾಕಷ್ಟು ಜಾಗ ಇದೆ ಅನ್ನೋ ಕೌನ್ಸಿಲ್‌ಗಳು ಬಹಳ ಕಡಿಮೆ ಅಂತ ಮಕ್ಕಳಿಗಾಗಿ ಕೆಲಸ ಮಾಡೋ ಕೋರಮ್ ಸಂಸ್ಥೆಯ ಸಮೀಕ್ಷೆ ವರ್ಷದಿಂದ ವರ್ಷಕ್ಕೆ ಹೇಳುತ್ತಲೇ ಇದೆ. 2006ರ ಚೈಲ್ಡ್‌ಕೇರ್ ಕಾಯ್ದೆ ಪ್ರಕಾರ, ಕೆಲಸ ಮಾಡೋ ಪೋಷಕರ 14 ವರ್ಷದೊಳಗಿನ ಮಕ್ಕಳಿಗೆ, ಅಂಗವಿಕಲ ಮಕ್ಕಳಾದರೆ 18ರವರೆಗೆ, ಸಾಕಷ್ಟು ಆರೈಕೆ ಸಿಗೋ ಹಾಗೆ ನೋಡಿಕೊಳ್ಳೋದು ಕೌನ್ಸಿಲ್‌ನ ಹೊಣೆ. ಆದರೆ ‘ಸಾಧ್ಯವಾದ ಮಟ್ಟಿಗೆ’ ಅನ್ನೋ ಮಾತು ಅದರ ಜೊತೆಗೇ ಇದೆ. ಕೌನ್ಸಿಲ್‌ಗಳು ತಪ್ಪಿಸಿಕೊಳ್ಳೋದು ಆ ಕಿಂಡಿಯಿಂದಲೇ.

ಇನ್ನು ಕೆಲಸದವರು. ಬೆಳಗ್ಗೆ ಏಳೂವರೆಯಿಂದ ಒಂಬತ್ತು, ಮತ್ತೆ ಮೂರರಿಂದ ಆರು. ನಡುವೆ ಆರು ಗಂಟೆ ಖಾಲಿ, ಸಂಬಳ ಇಲ್ಲ. ಕನಿಷ್ಠ ಕೂಲಿಗೆ ಇಂಥ ಕೆಲಸಕ್ಕೆ ಯಾರು ಬರ್ತಾರೆ, ಬಂದವರು ಎಷ್ಟು ದಿನ ನಿಲ್ತಾರೆ? ಅದೇ ಶಾಲೆಯ ಟೀಚಿಂಗ್ ಅಸಿಸ್ಟೆಂಟ್‌ಗಳು, ಊಟದ ಹೊತ್ತಿನಲ್ಲಿ ಮಕ್ಕಳನ್ನು ನೋಡಿಕೊಳ್ಳೋರು, ಅವರಿಗೆ ಕ್ಲಬ್ಬಿನ ಗಂಟೆಗಳನ್ನೂ ಸೇರಿಸಿ ಪೂರ್ತಿ ಕೆಲಸ ಕೊಟ್ಟ ಕಡೆ ಕ್ಲಬ್ ಗಟ್ಟಿಯಾಗಿ ನಿಲ್ಲುತ್ತದೆ, ಮಕ್ಕಳಿಗೂ ಗುರುತಿನ ಮುಖ. ಆದರೆ ಎರಡು ವರ್ಷದ ಅನುದಾನ ನಂಬಿಕೊಂಡು ಯಾವ ಶಾಲೆ ಕಾಯಂ ಕೆಲಸ ಕೊಡುತ್ತದೆ?

ಜರ್ಮನಿ ಇದೇ ಪ್ರಶ್ನೆಗೆ ಬೇರೆ ಉತ್ತರ ಕಂಡುಕೊಂಡಿದೆ. 2021ರಲ್ಲಿ ಅಲ್ಲಿ ಕಾನೂನನ್ನೇ ಮಾಡಿದರು. 2026ರ ಆಗಸ್ಟ್‌ನಿಂದ ಒಂದನೇ ತರಗತಿಯ ಮಕ್ಕಳಿಗೆ, ಆಮೇಲೆ ವರ್ಷಕ್ಕೊಂದು ತರಗತಿಯಂತೆ ಏರಿ 2029-30ರ ಹೊತ್ತಿಗೆ ನಾಲ್ಕೂ ತರಗತಿಗಳಿಗೆ, ಶಾಲೆಯ ಹೊತ್ತೂ ಸೇರಿ ದಿನಕ್ಕೆ ಎಂಟು ಗಂಟೆ ಆರೈಕೆ ಪಡೆಯೋದು ಮಗುವಿನ ಹಕ್ಕು. ರಜೆಯಲ್ಲೂ ಹೆಚ್ಚೆಂದರೆ ನಾಲ್ಕು ವಾರ ಮುಚ್ಚಬಹುದು. ಕೇಂದ್ರ ಸರ್ಕಾರ ಕಟ್ಟಡ, ಸಾಮಾನು-ಸರಂಜಾಮಿಗೆ 350 ಕೋಟಿ ಯೂರೊ ಇಟ್ಟಿದೆ. ಅದು ಆರಂಭದ ಹಣ. ಅದರ ಜೊತೆಗೇ ನಡೆಸೋ ಖರ್ಚಿಗೂ ವರ್ಷವರ್ಷ ಏರೋ ಪಾಲು ಕೊಡೋದಾಗಿ ಒಪ್ಪಿದೆ, 2030ರಿಂದ ಅದು ವರ್ಷಕ್ಕೆ 130 ಕೋಟಿ ಯೂರೊ. ಅಲ್ಲೂ ಎಲ್ಲ ಸುಸೂತ್ರ ಅಂತಲ್ಲ. ಕೆಲಸಕ್ಕೆ ಜನ ಸಿಗದೆ ರಾಜ್ಯಗಳು ಪರದಾಡುತ್ತಿವೆ, ಕೇಂದ್ರ ಕೊಡೋದು ಸಾಲದು ಅಂತ ಊರಾಡಳಿತಗಳ ದೂರಿದೆ. ಆದರೆ ಹಕ್ಕು ಅಂತ ಬರೆದ ಮೇಲೆ ಮೂರನೇ ವರ್ಷಕ್ಕೆ ಕ್ಲಬ್ ಮುಚ್ಚಿ ಸುಮ್ಮನೆ ಹೋಗೋಕಾಗಲ್ಲ. ಮ್ಯೂನಿಕ್‌ನಲ್ಲಿರೋ ಅಮ್ಮ ಕೋರ್ಟಿಗೆ ಹೋಗಬಹುದು, ಮಿಲ್ಟನ್ ಕೀನ್ಸ್‌ನಲ್ಲಿರೋ ಅಮ್ಮ ವಿನಂತಿ ಪತ್ರ ಬರೆಯಬಹುದು, ಅಷ್ಟೇ.

ಇಂಗ್ಲೆಂಡ್ ಜರ್ಮನಿ ಆಗಬೇಕು ಅಂತ ನಾನು ಹೇಳ್ತಿಲ್ಲ. ಎಲ್ಲ ಮಕ್ಕಳಿಗೂ ಸಂಜೆ ಉಚಿತ ಮಾಡಿ ಅಂತಲೂ ಇಲ್ಲ, ಕೊಡೋ ಶಕ್ತಿ ಇರೋರು ಕೊಡಲಿ. ಕೇಳೋದು ಇಷ್ಟೇ. ಬ್ರೇಕ್‌ಫಾಸ್ಟ್ ಕ್ಲಬ್ಬಿಗೆ ಒಪ್ಪಿಕೊಂಡ ಹಾಗೆ ಸಂಜೆಗೂ ಬಾಗಿಲು ತೆರೆಯೋ ಖರ್ಚು ಅಂತ ದಿನಕ್ಕೆ ಒಂದಿಷ್ಟು, ಮಕ್ಕಳು ಕಡಿಮೆ ಬರೋ ಶಾಲೆಗಳಿಗೆ ಮಾತ್ರ ಕೊಡಿ. ಆರು ಮಕ್ಕಳ ಕ್ಲಬ್ಬಿನ ನಷ್ಟ ದಿನಕ್ಕೆ 38 ಪೌಂಡ್ ಅಂತ ಮೇಲೆ ನೋಡಿದೆವು. ಆರು ಮನೆಗಳ ಅಮ್ಮಂದಿರು ಪೂರ್ತಿ ಕೆಲಸಕ್ಕೆ ಹೋಗಿ ಕಟ್ಟೋ ತೆರಿಗೆ ಅದಕ್ಕಿಂತ ಎಷ್ಟೋ ಜಾಸ್ತಿ. ವಿಶೇಷ ಆರೈಕೆ ಬೇಕಾದ ಮಕ್ಕಳ ಜೊತೆಗಿರೋರ ಸಂಬಳವನ್ನು ಕ್ಲಬ್ಬಿನ ಲೆಕ್ಕದಿಂದ ಹೊರಗಿಟ್ಟು ನೇರ ಕೌನ್ಸಿಲ್ ಕೊಡಲಿ. ಅನುದಾನವನ್ನು ಒಂದೇ ಏಟಿಗೆ ನಿಲ್ಲಿಸದೆ ನಾಲ್ಕೈದು ವರ್ಷದಲ್ಲಿ ಮೆಲ್ಲಗೆ ಇಳಿಸಲಿ. ಮತ್ತೆ, ಎಷ್ಟು ಕ್ಲಬ್ ತೆರೆದೆವು ಅನ್ನೋ ಲೆಕ್ಕ ಕೊಡೋ ಇಲಾಖೆ, ಅದರಲ್ಲಿ ಎಷ್ಟು ಇನ್ನೂ ನಡೆಯುತ್ತಿವೆ ಅನ್ನೋ ಲೆಕ್ಕವನ್ನೂ ಪ್ರತಿ ವರ್ಷ ಊರೂರಿನ ಮಟ್ಟದಲ್ಲಿ ಕೊಡಲಿ.

ಕರ್ನಾಟಕದಲ್ಲೂ ಆರಂಭದ ಹಣದ ಪ್ರಶ್ನೆ ಬಾಗಿಲಿಗೆ ಬಂದಿದೆ. 2023-24ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಘೋಷಣೆ ಆಯಿತು, ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗೋ ತಾಯಂದಿರ ಪುಟ್ಟ ಮಕ್ಕಳಿಗಾಗಿ. ತುಂಬಾ ಒಳ್ಳೆಯ ಹೆಜ್ಜೆ. ಅಲ್ಲೂ ಕೋಣೆಗೆ ಬಣ್ಣ ಬಳಿದು ತೊಟ್ಟಿಲು ತಂದಷ್ಟು ಸುಲಭ ಅಲ್ಲ, ನೋಡಿಕೊಳ್ಳೋರ ಕೂಲಿಯನ್ನು ವರ್ಷಪೂರ್ತಿ ಕೊಡೋದು. ಶಾಲೆಗೆ ಹೋಗೋ ಮಕ್ಕಳಿಗೆ ನಮ್ಮಲ್ಲಿ ಅಷ್ಟೂ ಇಲ್ಲ. ಗಾರ್ಮೆಂಟ್ಸ್‌ಗೆ ಹೋಗೋ ತಾಯಿ ಮನೆ ಸೇರೋ ಹೊತ್ತಿಗೆ ಏಳು, ಮಗು ನಾಲ್ಕೂವರೆಗೆ ಬಂದಿರುತ್ತದೆ. ಕುತ್ತಿಗೆಗೆ ಬೀಗದ ಕೈ ಕಟ್ಟಿಕೊಂಡಿರೋ ಮಕ್ಕಳು ಬೆಂಗಳೂರಿನ ವಠಾರಗಳಲ್ಲಿ ಎಷ್ಟಿಲ್ಲ. ಟ್ಯೂಷನ್ ಅಂತ ನಾವು ಕಳಿಸೋದರಲ್ಲಿ ಅರ್ಧ ಪಾಠಕ್ಕೆ, ಅರ್ಧ ಯಾರಾದರೂ ನೋಡಿಕೊಳ್ಳಲಿ ಅಂತ. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ ಆಗಿವೆ, 2020ರ ‘ಓದುವ ಬೆಳಕು’ ಕಾರ್ಯಕ್ರಮದಿಂದ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಇದೆ. ಜಾಗ ಇದೆ, ಮಕ್ಕಳ ಹೆಸರು ಪಟ್ಟಿಯಲ್ಲಿದೆ. ಸಂಜೆ ಆರೂವರೆವರೆಗೆ ಒಬ್ಬರು ಜವಾಬ್ದಾರಿಯಿಂದ ಕೂತು, ಒಂದಿಷ್ಟು ತಿಂಡಿ ಕೊಡೋ ವ್ಯವಸ್ಥೆ ಮಾಡಿದರೆ ಇಂಗ್ಲೆಂಡಿನ ಕ್ಲಬ್ಬಿನಷ್ಟು ಖರ್ಚು ಬೇಕಾಗಿಲ್ಲ. ಮಾಡೋದಾದರೆ ಮೊದಲ ದಿನವೇ ಆ ಒಬ್ಬರ ಸಂಬಳಕ್ಕೆ ಕಾಯಂ ತಲೆಬರಹ ಬರೆದೇ ಶುರು ಮಾಡಲಿ.

ಇಂಗ್ಲೆಂಡಿನಲ್ಲಿ ಇರೋ ನಮ್ಮವರಿಗೆ ಎರಡು ಮಾತು. ನಿಮ್ಮ ಶಾಲೆಯಲ್ಲಿ ಸಂಜೆ ಕ್ಲಬ್ ಇಲ್ಲದಿದ್ದರೆ, ಬೇಕು ಅಂತ ಶಾಲೆಗೆ ಬರವಣಿಗೆಯಲ್ಲಿ ಕೇಳಿ. ಹಾಗೆ ಕೇಳಿದಾಗ ಶಾಲೆಗಳು ಪರಿಶೀಲಿಸಿ ಉತ್ತರ ಕೊಡಬೇಕು ಅಂತ ಸರ್ಕಾರದ ಮಾರ್ಗಸೂಚಿ 2016ರಿಂದಲೇ ಇದೆ. ಒಬ್ಬರೇ ಕೇಳೋದಕ್ಕಿಂತ ನಾಲ್ಕು ಮನೆಯವರು ಸೇರಿ ಕೇಳಿದರೆ ಬೇಡಿಕೆಯ ಲೆಕ್ಕವೂ ಸಿಕ್ಕ ಹಾಗಾಗುತ್ತದೆ. ಕೌನ್ಸಿಲ್‌ನ ಫ್ಯಾಮಿಲಿ ಇನ್ಫರ್ಮೇಷನ್ ಸರ್ವಿಸ್‌ಗೂ ಒಂದು ಇಮೇಲ್ ಹಾಕಿ. ಹೊಸದಾಗಿ ತೆರೆದ ಕ್ಲಬ್ಬಿಗೆ ಮಗುವನ್ನು ಸೇರಿಸೋದಾದರೆ, ಅನುದಾನ ಯಾವ ತಿಂಗಳಿಗೆ ಮುಗಿಯುತ್ತದೆ, ಆಮೇಲೆ ಶುಲ್ಕ ಎಷ್ಟಾಗುತ್ತದೆ, ಶುಕ್ರವಾರ ನಡೆಸ್ತೀರಾ ಅಂತ ಸೇರಿಸೋ ಮುಂಚೆಯೇ ಕೇಳಿಕೊಳ್ಳಿ. ಕೆಲಸದ ಹೊತ್ತು ಜಾಸ್ತಿ ಮಾಡಿಕೊಳ್ಳೋ ಕಾಗದಕ್ಕೆ ಸಹಿ ಹಾಕೋದು ಆ ಉತ್ತರ ಬಂದ ಮೇಲೆ ಆಗಲಿ.